ಅನುದಾನ ಸಮಿತಿಯಿಂದ ಎದ್ದುಹೋದವನು

"ಯಾರ್ರೀ ನೀವು?! ಮಕ್ಕಳಿರೋ ಜಾಗಕ್ಕೆ ಹೇಳದೆ ಕೇಳದೆ ನುಗ್ಗೋದಾ?"

ಅವನು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಚಾಪೆಯ ಮೇಲೆ ಅಂಗಾತ ಮಲಗಿದ್ದವನ ಬಾಯಲ್ಲಿ ಪ್ಲಾಸ್ಟಿಕ್ ಥರ್ಮಾಮೀಟರು, ಎರಡೂ ಕೈಗೆ ಬ್ಯಾಂಡೇಜು. ಅವನ ಎದೆಗೆ ಆಟಿಕೆ ಸ್ಟೆತಸ್ಕೋಪ್ ಒತ್ತಿ ಹಿಡಿದು ಗಂಭೀರವಾಗಿ ಕೂತಿದ್ದಳು ನಾಲ್ಕು ವರ್ಷದ ಪುಟ್ಟಿ.

"ಶ್! ಪೇಷೆಂಟ್ ಮಾತಾಡಬಾರ್ದು!"

ಗದರಿಸುತ್ತಾ ಬಂದಿದ್ದ, ಊರೆಲ್ಲ ಟೀಚರಕ್ಕ ಎಂದು ಕರೆಯುವ ಯುವತಿ ಬಾಗಿಲಲ್ಲೇ ನಿಂತುಬಿಟ್ಟಳು. ಪುಟ್ಟಿ ಮಾತಾಡಿದಳಾ? ಐದು ತಿಂಗಳಿಂದ ಅಮ್ಮನ ಕಿವಿಯಲ್ಲಿ ಬಿಟ್ಟು ಬೇರೆ ಯಾರ ಹತ್ತಿರವೂ ತುಟಿ ಬಿಚ್ಚದ ಪುಟ್ಟಿ!

ಅವನು ಮೆಲ್ಲಗೆ ಥರ್ಮಾಮೀಟರ್ ತೆಗೆದ. "ಡಾಕ್ಟ್ರೇ, ನಂಗೆ ಡಿಸ್ಚಾರ್ಜ್ ಆಯ್ತಾ?" ಎಂದು ಕೇಳಿ, ಓರೆಯಾಗಿದ್ದ ಕನ್ನಡಕ ಸರಿಮಾಡಿಕೊಂಡು ಎದ್ದು ಕೂತ. "ಕ್ಷಮಿಸಿ. ಟ್ರಸ್ಟಿನಿಂದ ಬಂದಿದ್ದೀನಿ. ಅನುದಾನಕ್ಕೆ ಅರ್ಜಿ ಹಾಕಿದ್ರಲ್ಲ..."

ಅವಳ ಮುಖ ಕೆಂಪೇರಿತು. ಅಯ್ಯೋ! ಎರಡು ತಿಂಗಳಿಂದ ಯಾರ ದಾರಿ ಕಾದೆನೋ ಅವರಿಗೇ ಬೈದುಬಿಟ್ಟೆನಲ್ಲ...

ಅದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿ. ಅಲ್ಲಿ ಲೈಬ್ರರಿಯ ಪುಸ್ತಕದ ಹಾಗೆ ಆಟಿಕೆಗಳನ್ನು ವಾರದ ಮಟ್ಟಿಗೆ ಮನೆಗೆ ಕೊಡುತ್ತಿದ್ದರು. ಮಾತು ತಡವಾದ ಮಕ್ಕಳು ಬರುತ್ತಿದ್ದರು, ಒಂದೇ ಕೋಣೆಯ ಮನೆಯ ಮಕ್ಕಳು ಬರುತ್ತಿದ್ದರು. ದಣಿದ ತಾಯಂದಿರು ಗೋಡೆಗೊರಗಿ ಅರ್ಧ ಗಂಟೆ ಕಣ್ಣು ಮುಚ್ಚುತ್ತಿದ್ದರು. ಇಷ್ಟು ದಿನ ಬಾಡಿಗೆ ಕಟ್ಟುತ್ತಿದ್ದ ಸಂಸ್ಥೆ ಕೈಬಿಟ್ಟಿತ್ತು. ಈ ಅನುದಾನ ಬಾರದಿದ್ದರೆ ತಿಂಗಳ ಕೊನೆಗೆ ಬಾಗಿಲಿಗೆ ಬೀಗ.

ಅವನು ಮತ್ತೆ ಬಂದ. ಮತ್ತೆ ಮತ್ತೆ ಬಂದ. ಕೇಳಿದ್ದನ್ನೇ ಕೇಳಿದ. ಮಕ್ಕಳ ಜೊತೆ ನೆಲಕ್ಕೆ ಕೂತು ಗೋಪುರ ಕಟ್ಟಿದ.

"ನಿಯಮದಲ್ಲಿ ಮೂರು ಸಲ ನೋಡಿದರೆ ಸಾಕಂತೆ," ಎಂದಳು ಆಟಿಕೆ ತೊಳೆಯುತ್ತಿದ್ದ ಅವಳ ಚಿಕ್ಕಮ್ಮ. "ಕನ್ನಡಕ ಇವತ್ತಿಗೆ ಆರನೇ ಸಲ ಬಂದಿದೆ. ನೋಡ್ತಿರೋದು ಆಟಿಕೆನೋ, ನಿನ್ನನ್ನೋ?"

"ಚಿಕ್ಕಮ್ಮಾ! ಕೇಳಿಸುತ್ತೆ!"

"ಕೇಳಿಸ್ಲಿ ಅಂತಲೇ ಹೇಳಿದ್ದು ಕಣೇ."

ಕೇಳಿಸಿತ್ತೋ ಏನೋ. ಅವತ್ತು ಹೊರಡುವ ಮುಂಚೆ ಅವನು ಕೇಳಿದ, "ಇದು ಸಿಗದಿದ್ರೆ ಏನ್ ಮಾಡ್ತೀರಿ?"

"ಗೊತ್ತಿಲ್ಲ. ಇಲ್ಲಿಗೆ ಬಂದ ಮೇಲೆ ನಂಗೆ ಬೆಳಿಗ್ಗೆ ಏಳೋಕೆ ಒಂದು ಕಾರಣ ಸಿಕ್ಕಿದೆ. ಅದಕ್ಕೆ ಮುಂಚೆ ಇರಲಿಲ್ಲ."

ಅವನು ಅವಳನ್ನೇ ನೋಡಿದ. ತುಂಬಾ ಹೊತ್ತು ನೋಡಿದ. ಆಮೇಲೆ ನೋಟ್‌ಬುಕ್ ಮುಚ್ಚಿ, ಹೋಗಿಬರ್ತೀನಿ ಎಂದೂ ಹೇಳದೆ ಮೆಟ್ಟಿಲಿಳಿದುಬಿಟ್ಟ.

ಅಷ್ಟೇ! ಎಂಟು ದಿನ ಸುದ್ದಿಯಿಲ್ಲ. ಕರೆ ಮಾಡಿದರೆ ಎತ್ತಲಿಲ್ಲ. ಮೆಸೇಜಿಗೆ ಉತ್ತರವಿಲ್ಲ.

ನಾನೇನಾದರೂ ತಪ್ಪು ಹೇಳಿದೆನಾ...?

ಒಂಬತ್ತನೇ ದಿನ ಅನುದಾನ ತೀರ್ಮಾನಿಸುವ ಟ್ರಸ್ಟಿನ ಸಮಿತಿಯ ಸಭೆ. ಉದ್ದನೆಯ ಮೇಜಿನ ಆಚೆ ಐದು ಕುರ್ಚಿ. ಕೊನೆಯದರಲ್ಲಿ ಅವನು! ಅವಳಿಗೆ ಜೀವ ಬಂದಂತಾಯಿತು. ಅವನಿದ್ದಾನೆ, ಎಲ್ಲ ನೋಡಿದ್ದಾನೆ, ನನ್ನ ಪರ ಮಾತಾಡುತ್ತಾನೆ.

ಅವಳ ಅರ್ಜಿಯ ಸಂಖ್ಯೆ ಕರೆದರು. ಅವನು ಎದ್ದ. ಅವಳ ಕಡೆ ತಿರುಗಿಯೂ ನೋಡದೆ ಹೊರಗೆ ನಡೆದ. ಬಾಗಿಲು ಮುಚ್ಚಿಕೊಂಡಿತು.

"ಅವರ ವರದಿಯನ್ನ ನಾವು ನೋಡ್ತಿಲ್ಲ," ಎಂದರು ಬೆಳ್ಳಿಗೂದಲಿನ ಅಧ್ಯಕ್ಷೆ. "ನೀವೇ ಹೇಳಿ. ಹತ್ತು ನಿಮಿಷ ಇದೆ."

ಆರು ಸಲ ಬಂದು, ಆಟ ಆಡಿ, ಕೊನೆಗೆ ಹೀಗೆ ಬೆನ್ನು ತೋರಿಸಿದನಾ? ಕಣ್ಣು ತುಂಬಿತು. ಮರುಕ್ಷಣವೇ ರೋಷ ಉಕ್ಕಿತು! ಬರೆದುಕೊಂಡು ಬಂದಿದ್ದ ಹಾಳೆಗಳನ್ನು ಅವಳು ಬದಿಗಿಟ್ಟಳು.

"ಒಬ್ಬ ಅಪ್ಪ ಮರದ ರೈಲನ್ನ ಮೂರನೇ ವಾರವೂ ಕೇಳ್ಕೊಂಡು ಬಂದ್ರು. ಮಗನಿಗೆ ಬೇಜಾರಾಗಿಲ್ವಾ ಅಂದೆ. 'ಅವನಿಗೆ ಆಗಿರಬಹುದು ಮೇಡಂ, ಆದರೆ ಇದನ್ನ ಜೋಡಿಸುವಾಗ ಮಾತ್ರ ಅವನು ನನ್ನ ಪಕ್ಕ ಕೂರ್ತಾನೆ' ಅಂದ್ರು. ನಾವು ಕೊಡ್ತಿರೋದು ಆಟಿಕೆ ಅಂತ ಅರ್ಜಿಯಲ್ಲಿದೆ. ಅಲ್ಲ. ಆ ಪಕ್ಕದ ಜಾಗ ಕೊಡ್ತಿದ್ದೀವಿ."

ಹತ್ತು ನಿಮಿಷ ಇಪ್ಪತ್ತಾಯಿತು. ಯಾರೂ ತಡೆಯಲಿಲ್ಲ.

ಮೂರು ದಿನಕ್ಕೆ ಲಕೋಟೆ ಬಂತು. ಒಡೆದದ್ದು ಚಿಕ್ಕಮ್ಮ. ಕಿರುಚಿದ್ದೂ ಚಿಕ್ಕಮ್ಮ!

"ಸಿಕ್ತು ಕಣೇ! ಮೂರು ವರ್ಷಕ್ಕೆ ಸಿಕ್ತು!"

ಇಬ್ಬರೂ ಅಪ್ಪಿಕೊಂಡು ಕುಣಿದರು. ಕೆಳಗಿನ ಸೈಕಲ್ ಅಂಗಡಿಯವರು ಏನಾಯಿತೋ ಎಂದು ಮೇಲೆ ಓಡಿಬಂದರು. ಆ ಗದ್ದಲದಲ್ಲಿ ಲಕೋಟೆಯಿಂದ ಇನ್ನೊಂದು ಹಾಳೆ ಜಾರಿಬಿತ್ತು. ಸಮಿತಿಯವರು ಅರ್ಜಿದಾರರ ಜೊತೆ ತಮಗೆ ಸಂಬಂಧ ಇದೆಯೇ ಎಂದು ಮೊದಲೇ ಬರೆದುಕೊಡುವ ಘೋಷಣಾ ಪತ್ರ ಅದು. ಅದರ ಪ್ರತಿಯನ್ನು ಅರ್ಜಿದಾರರಿಗೂ ಕಳಿಸಬೇಕೆಂಬುದು ಟ್ರಸ್ಟಿನ ನಿಯಮ.

ಹಾಳೆಯಲ್ಲಿದ್ದದ್ದು ಅವನ ಕೈಬರಹ. 'ಸಂಬಂಧ ಇದೆ' ಎಂಬಲ್ಲಿ ಗುರುತು. ಕೆಳಗೆ, 'ಸಂಬಂಧದ ಸ್ವರೂಪ' ಎಂಬ ಜಾಗದಲ್ಲಿ...

'ನಾನು ಅವರನ್ನು ಪ್ರೀತಿಸುತ್ತೇನೆ. ಅವರಿಗೆ ಇದು ತಿಳಿದಿಲ್ಲ. ಅವರ ಕಡೆಯಿಂದ ಅಂಥದ್ದೇನೂ ಇಲ್ಲ. ನನ್ನಿಂದ ನ್ಯಾಯವಾದ ತೀರ್ಮಾನ ಸಾಧ್ಯವಿಲ್ಲದ ಕಾರಣ ಈ ಅರ್ಜಿಯಿಂದ ಹಿಂದೆ ಸರಿಯುತ್ತಿದ್ದೇನೆ. ಫಲಿತಾಂಶ ಬರುವವರೆಗೆ ಅವರೊಂದಿಗೆ ಮಾತನಾಡುವುದಿಲ್ಲ.'

ತಾರೀಖು ನೋಡಿದಳು. ಅವನು ಆರನೇ ಸಲ ಬಂದುಹೋದ ದಿನದ ಮಾರನೆಯ ದಿನ.

ಹೆಗಲ ಮೇಲಿಂದ ಇಣುಕಿ ಓದಿದ ಚಿಕ್ಕಮ್ಮ ಹಣೆ ಹಣೆ ಚಚ್ಚಿಕೊಂಡಳು. "ಹುಡುಗಿಗೆ ಹೇಳೋದು ಬಿಟ್ಟು ಆಫೀಸಿಗೆ ಬರೆದುಕೊಟ್ಟಿದ್ದಾನಲ್ಲೇ! ಇಂಥ ಪೆದ್ದನ್ನ ಎಲ್ಲೂ ಕಂಡಿಲ್ಲ... ಅಯ್ಯೋ, ಇನ್ನೂ ನಿಂತೇ ಇದ್ದೀಯಲ್ಲ! ಓಡು!"

ಅವಳು ಓಡಿದಳು. ಮಧ್ಯಾಹ್ನದ ರಸ್ತೆಯಲ್ಲಿ, ಜನರನ್ನು ಸರಿಸಿಕೊಂಡು, ಟ್ರಸ್ಟಿನ ನಾಲ್ಕು ಮಹಡಿ ಹತ್ತಿ... ಅವನು ಜೆರಾಕ್ಸ್ ಯಂತ್ರದಲ್ಲಿ ಸಿಕ್ಕಿಕೊಂಡ ಹಾಳೆ ಎಳೆಯುತ್ತಿದ್ದ. ಅವಳನ್ನು ಕಂಡದ್ದೇ ಹಾಳೆ ಹರಿದು ಕೈಗೆ ಬಂತು.

"ಅಭಿ... ಅಭಿನಂದನೆಗಳು," ಎಂದ.

"ನೀವು ಎದ್ದು ಹೋದಾಗ ನಾನು ಎಷ್ಟು ಶಾಪ ಹಾಕಿದೆ ಗೊತ್ತಾ?"

"ಹಾಕ್ತೀರಿ ಅಂತ ಗೊತ್ತಿತ್ತು. ನಾನು ಕೂತಿದ್ರೆ, ನಾಳೆ ಯಾರಾದ್ರೂ 'ಅವಳಿಗೆ ಹೇಗೆ ಸಿಕ್ತು ಗೊತ್ತಲ್ಲ' ಅಂತಿದ್ರು. ನಿಮ್ಮ ಗೆಲುವು ಪೂರ್ತಿ ನಿಮ್ಮದೇ ಆಗಿರಲಿ ಅಂತ..."

ಅವಳು ತಂದಿದ್ದ ಘೋಷಣಾ ಪತ್ರವನ್ನು ಅವನ ಮುಖದ ಮುಂದೆ ಹಿಡಿದಳು.

"ಇದರಲ್ಲಿ ಒಂದು ಸುಳ್ಳಿದೆ."

ಅವನು ಬೆಚ್ಚಿದ. "ಸುಳ್ಳಾ? ಒಂದೊಂದು ಅಕ್ಷರವೂ ನಿಜ!"

"ಅವರ ಕಡೆಯಿಂದ ಅಂಥದ್ದೇನೂ ಇಲ್ಲ ಅಂತ ಬರೆದಿದ್ದೀರಲ್ಲ. ಯಾರನ್ನ ಕೇಳಿ ಬರೆದ್ರಿ?"

ಯಂತ್ರ ಗುಂಯ್‌ಗುಡುತ್ತಿತ್ತು. ಅವನ ಮುಖದಲ್ಲಿ ಮೆಲ್ಲಗೆ ನಗು ಹಬ್ಬಿತು.

"ಆಗ ಕೇಳೋ ಹಾಗಿರಲಿಲ್ಲ."

"ಈಗ?"

"ಈಗ ಕೇಳಬಹುದು." ಅವನು ಕನ್ನಡಕ ತೆಗೆದ. "ನಿಮ್ಮ ಕಡೆಯಿಂದ... ಏನಾದ್ರೂ ಇದೆಯಾ?"

"ಇದೆ. ನಾಲ್ಕು ಮಹಡಿ ಹತ್ತಿ ಬರೋವಷ್ಟು ಇದೆ!"

ಅವಳು ನಗುತ್ತಿದ್ದಳು, ಅಳುತ್ತಲೂ ಇದ್ದಳು. ಅವನು ಅವಳ ಕೈ ಹಿಡಿದ.

"ಇನ್ನು ಮೇಲೆ ಏನಿದ್ರೂ ಮೊದಲು ನನಗೆ ಹೇಳಬೇಕು," ಎಂದಳು ಅವಳು. "ಆಮೇಲೆ ಆಫೀಸಿಗೆ."

"ಹಾಗಾದ್ರೆ ಹತ್ತಿರ ಬನ್ನಿ," ಎಂದ ಅವನು. "ಹೇಳ್ತೀನಿ."