ಎಡಗಾಲಿನ ಗುಟ್ಟು

"ನೀವ್ಯಾಕೆ ಬಂದ್ರಿ?"

ನಾಗಸಂದ್ರದ ಆ ಆಸ್ಪತ್ರೆಯ ವಾರ್ಡಿಗೆ ಕಾಲಿಡುತ್ತಿದ್ದಂತೆ ಶ್ರೀರಂಜನಿಗೆ ಎದುರಾದ ಮೊದಲ ಮಾತು ಇದು! ಅದೂ ಐದು ತಿಂಗಳ ನಂತರ, ಉಂಗುರ ತೊಡಿಸಿದವನ ಬಾಯಿಂದ...

ಉಂಗುರ ವಾಪಸ್ ಕೊಡಲೆಂದೇ ಬಂದಿದ್ದಳು. ಆದರೆ ಆಪರೇಷನ್‌ನ ಹಸಿರು ಗೌನಿನಲ್ಲಿ ಮಲಗಿದ್ದ ಅಮೋಘ್‌ನನ್ನು ಕಂಡು ಉಂಗುರದ ಕೈಯನ್ನು ಬೆನ್ನ ಹಿಂದೆ ಸರಿಸಿಕೊಂಡಳು.

ನಿಶ್ಚಿತಾರ್ಥವಾದ ಹತ್ತನೇ ದಿನ ಬೈಕಿನಿಂದ ಬಿದ್ದು ಅವನ ಬಲಗಾಲು ಮೊಣಕಾಲಿನ ಕೆಳಗೆ ಮುರಿದಿತ್ತು. ರಾಡ್ ಹಾಕಿದರೂ ಮೂಳೆ ಕೂಡಿರಲಿಲ್ಲ. ಅಂದಿನಿಂದ ಪುಣ್ಯಾತ್ಮ ಫೋನ್ ಎತ್ತಿದ್ದರೆ ಕೇಳಿ!

'ಇವನಿಗೆ ನಾನು ಮೊದಲೇ ಇಷ್ಟವಿರಲಿಲ್ಲ...' ಅವಳಿಗೆ ಹಳೆಯ ಸಂಕಟ. ನಿಶ್ಚಿತಾರ್ಥದ ದಿನ ಪುರೋಹಿತರು ಎಷ್ಟು ಹೇಳಿದರೂ ಅವನು ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲಿಲ್ಲ. ಎಡಗಾಲು ಚಾಚಿಕೊಂಡೇ ಇದ್ದ. ಎಷ್ಟು ಜಂಭ ಅಂದುಕೊಂಡಿದ್ದಳು.

ಅಷ್ಟರಲ್ಲಿ ಡಾಕ್ಟರ್ ದಿವ್ಯಾ ಒಪ್ಪಿಗೆ ಪತ್ರ ಹಿಡಿದು ಬಂದರು.

"ನಿಮ್ಮದೇ ಮೂಳೆ ಬೇರೆ ಕಡೆಯಿಂದ ತೆಗೆದು ಮುರಿದ ಜಾಗಕ್ಕೆ ತುಂಬ್ಬೇಕು. ಸೊಂಟದಿಂದ ತೆಗೆದ್ರೆ ಅಲ್ಲಿನ ನೋವು ಕೆಲವರಿಗೆ ತಿಂಗಳುಗಟ್ಟಲೆ ಇರುತ್ತೆ. ಎಡ ತೊಡೆ ಮೂಳೆಯೊಳಗೆ ರೀಮರ್ ಬಿಟ್ಟು ಕೊರೆದು ತೆಗೆದ್ರೆ ಗಾಯ ಚಿಕ್ಕದು, ನೋವೂ ಕಮ್ಮಿ. ಆದ್ರೆ ರಕ್ತ ಜಾಸ್ತಿ ಹೋಗ್ಬಹುದು. ಮೂಳೆ ಎಲ್ಲಾದ್ರೂ ತೆಳುವಾಗಿದ್ರೆ... ಮುರಿಯೋ ಭಯ ಇದೆ. ಮುಂದಿನಿಂದ ತೆಗೆದ ಎಕ್ಸ್‌ರೇ ಚೆನ್ನಾಗೇ ಇದೆ. ಎಡ ತೊಡೆಗೆ ಹಿಂದೆ ಯಾವತ್ತಾದ್ರೂ ಪೆಟ್ಟು ಬಿದ್ದಿತ್ತಾ?"

"ಇಲ್ಲಮ್ಮ!" ಅವನ ತಾಯಿ ಪ್ರಭಾ ಥಟ್ಟನೆ ಅಂದರು. ಮಗನ ಎಡ ತೊಡೆಯ ಮೇಲೆ ಹೊದಿಕೆ ಎಳೆದರು.

ಅಮೋಘ್ ರಂಜನಿಯತ್ತ ಒಮ್ಮೆ ನೋಡಿ ತಲೆ ತಗ್ಗಿಸಿದ.

"ಇಲ್ಲ ಡಾಕ್ಟ್ರೇ. ತೊಡೆಯಿಂದಾನೇ ತೆಗೀರಿ."

ಸಹಿ ಬಿತ್ತು. ಸ್ಟ್ರೆಚರ್ ಹೊರಟಿತು.

ರೀಮರ್... ಪೀಣ್ಯದ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿರುವ ರಂಜನಿಗೆ ರಂಧ್ರ ಹಿಗ್ಗಿಸುವ ಆ ಉಪಕರಣ ದಿನನಿತ್ಯದ್ದು. ಒಂದು ಬದಿ ಮೊದಲೇ ತೆಳುವಾದ ಪೈಪು ಕೊರೆಯುವಾಗ ಹೇಗೆ ಸೀಳಿಹೋಗುತ್ತದೆಂದು ಎಷ್ಟು ಸಲ ನೋಡಿಲ್ಲ! ಪ್ರಭಾ ಎಳೆದ ಹೊದಿಕೆ, ಚಾಚಿದ ಎಡಗಾಲು, ಆ ಮಣೆ...

ಅದು ಜಂಭವಾಗಿರದೆ ಹಳೇ ಪೆಟ್ಟಾಗಿದ್ದರೆ? ಕಾರಿಡಾರಿನ ತುದಿಯಲ್ಲಿ ಥಿಯೇಟರಿನ ಬಾಗಿಲು ತೆರೆದುಕೊಳ್ಳುತ್ತಿತ್ತು.

"ನಿಲ್ಸಿ! ಡಾಕ್ಟ್ರೇ, ನಿಲ್ಸಿ!"

ಓಡಿ ಹೋಗಿ ಸ್ಟ್ರೆಚರಿನ ಕಂಬಿ ಹಿಡಿದುಕೊಂಡಳು.

"ಅವತ್ತು ಕಾಲು ಮಡಚಲಿಲ್ವೋ, ಮಡಚೋಕೆ ಆಗ್ಲಿಲ್ವೋ? ನಿಜ ಹೇಳಿ!"

ಅವನ ಕಣ್ಣಂಚಿನಿಂದ ನೀರು ಇಳಿಯಿತು.

"ಎಂಟನೇ ಕ್ಲಾಸಲ್ಲಿ ತೊಡೆ ಮುರಿದಿತ್ತು. ಸೊಟ್ಟಗೇ ಕೂಡ್ಕೊಳ್ತು. ಹೆಣ್ಣಿನ ಕಡೆಯವ್ರಿಗೆ ಹೇಳ್ಬೇಡ ಅಂದ್ರು ಅಮ್ಮ. ಮುಚ್ಚಿಟ್ಟು ನಿಮ್ಮನ್ನ ಒಪ್ಪಿಸ್ದೆ. ಆಮೇಲೆ ಇನ್ನೊಂದು ಕಾಲೂ ಹೋಯ್ತು... ಯಾವ ಮುಖ ಇಟ್ಕೊಂಡು ಫೋನ್ ಎತ್ಲಿ? ಇವತ್ತೂ ನಿಮ್ಮೆದುರು ಬಾಯಿ ಬರ್ಲಿಲ್ಲ."

ಪಕ್ಕದಿಂದ ಇನ್ನೊಂದು ಎಕ್ಸ್‌ರೇ ತೆಗೆದರು. ಮೂಳೆ ಬಾಗಿದ ಕಡೆ ಒಂದು ಬದಿ ತೀರಾ ತೆಳುವಾಗಿತ್ತು.

"ಇಲ್ಲಿ ಕೊರೆದಿದ್ರೆ..." ದಿವ್ಯಾ ತೆಳುವಾದ ಜಾಗದ ಮೇಲೆ ಬೆರಳಿಟ್ಟರು. ಹಳೆಯ ಒಪ್ಪಿಗೆ ಪತ್ರ ಹರಿದು ಹಾಕಿದರು. ಸೊಂಟದಿಂದಲೇ ತೆಗೆಯುವುದೆಂದಾಯಿತು. ಪ್ರಭಾ ಬೆಂಚಿನ ಮೇಲೆ ಕುಸಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅವರ ಮೇಲೆ ಸಿಟ್ಟಿದ್ದರೂ ರಂಜನಿ ಪಕ್ಕದಲ್ಲೇ ಕೂತಳು.

ಸಂಜೆ ಅಮೋಘ್ ಕಣ್ಣು ಬಿಟ್ಟಾಗ ಉಂಗುರ ಅವಳ ಬೆರಳಲ್ಲೇ ಇತ್ತು.

"ನೋವಾಗ್ತಿದ್ಯಾ?"

"ಇಲ್ಲ..."

ಅವಳು ದುರುಗುಟ್ಟಿ ನೋಡಿದಳು.

"ತುಂಬಾ ನೋವು ರಂಜನಿ. ಸೊಂಟ ಸೀಳ್ತಿದೆ."

"ಹಾಂ, ಹಂಗೆ ಹೇಳು." ಮೊದಲ ಸಲ ಏಕವಚನ! "ಮದುವೇಲಿ ಮಣೆ ಬೇಡ. ಕುರ್ಚಿ ಹಾಕಿಸ್ತೀನಿ."

"ಈ ಸಲಾನೂ ಕಾಲು ಕೂಡದೇ ಹೋದ್ರೆ?"

ಅವಳಿಗೂ ಅದೇ ಭಯವಿತ್ತು. ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಆಗ್ಲೂ ಎರಡು ಕುರ್ಚಿ ಕಣೋ. ಪಕ್ಕದ್ದು ನಂದು."