ಒಳಗಿನ ಫೋಲ್ಡರ್

“ಕ... ಕ... ಕಪ್ಪು ಮೋಡ...”

ಕಂಪ್ಯೂಟರ್ ಲ್ಯಾಬಿನ ಸ್ಪೀಕರಿನಿಂದ ಗುಬ್ಬಿಯ ದನಿ ಬರುತ್ತಿತ್ತು. ಆದರೆ ಗುಬ್ಬಿ ಬಾಯಿ ತೆರೆದಿರಲಿಲ್ಲ. ತಲೆ ತಗ್ಗಿಸಿ ಕಲ್ಲಿನಂತೆ ಕೂತಿದ್ದಳು.

“ಲೋ, ನೆಟ್ ಸ್ಲೋ ಇದೆ ಕಣ್ರೋ! ಬಫರಿಂಗು!” ಎಂದ ಹಿಂದಿನ ಸಾಲಿನ ಉದ್ದಣ್ಣ. ಲ್ಯಾಬಿಗೆ ಲ್ಯಾಬೇ ನಕ್ಕಿತು.

“ನಿಲ್ಸೋ!” ಕ್ಲಾಸ್ ಲೀಡರ್ ಓಡಿಹೋಗಿ ಸ್ಪೀಕರಿನ ವೈರ್ ಕಿತ್ತಳು.

ಗುಬ್ಬಿಗೆ ಮಾತು ತೊದಲುತ್ತದೆ. ಶುಕ್ರವಾರದ ಅಸೆಂಬ್ಲಿಯಲ್ಲಿ ಪದ್ಯ ಓದಬೇಕೆಂದು ಅವಳಿಗೆ ತುಂಬ ಆಸೆ. ದಿನಾ ಓದಿ, ರೆಕಾರ್ಡ್ ಮಾಡಿ, ಸ್ಕೂಲಿನ ಸರ್ವರಿನಲ್ಲಿ ಕ್ಲಾಸ್ ಫೋಲ್ಡರಿನ ಒಳಗಿದ್ದ ತನ್ನ ಫೋಲ್ಡರಿಗೆ ಹಾಕುತ್ತಿದ್ದಳು. ಅದನ್ನು ಕೇಳುವ ಪರ್ಮಿಷನ್ ಇದ್ದದ್ದು ಗೆಳತಿ ಲೀಡರಿಗೆ ಮಾತ್ರ.

“ಯಾರ್ರೋ ಇದನ್ನ ಓಪನ್ ಮಾಡಿದ್ದು?” ಲೀಡರ್ ಕಿರುಚಿದಳು.

ಲ್ಯಾಬ್ ಮಿಸ್ ಬಂದು ಪರದೆ ನೋಡಿದರು. “ನಿನ್ನೆ ಕ್ಲಾಸ್ ಫೋಲ್ಡರಿನ ಪರ್ಮಿಷನ್ ಬದಲಾಯಿಸಿದ್ದು ನೀನಲ್ವೇನಮ್ಮ?”

“ಹೂಂ ಮಿಸ್. ಎಲ್ಲಾರೂ ನಾಟಕದ ಫೋಟೋ ತೋರ್ಸು ತೋರ್ಸು ಅಂತ ತಲೆ ತಿಂತಿದ್ರು. ‘ಎಲ್ಲರಿಗೂ’ ಅನ್ನೋದಕ್ಕೆ ಟಿಕ್ ಹಾಕ್ದೆ. ಫೋಟೋಗೆ ಮಾತ್ರ...”

“ಹೊರಗಿನ ಫೋಲ್ಡರಿಗೇ ಹಾಕಿದ್ದೀಯಲ್ಲ! ಒಳಗಿರೋದೆಲ್ಲಾ ತೆರ್ಕೊಂಡಿದೆ. ‘ಒಳಗಿನ ಫೋಲ್ಡರುಗಳಿಗೂ ಇದೇ ಇರಲಾ?’ ಅಂತ ಅದು ಕೇಳ್ಲಿಲ್ವಾ?”

“ಏನೋ ಕೇಳ್ತು ಮಿಸ್. ಓದ್ದೇನೇ ಹೂಂ ಅಂತ ಒತ್ತಿಬಿಟ್ಟೆ.”

ಮಿಸ್ ಟಿಕ್ ತೆಗೆದರು. “ಈಗ ಸರಿಹೋಯ್ತು” ಎಂದರು.

ಎಲ್ಲಿ ಸರಿಹೋಯ್ತು? ಊಟದ ಬಿಡುವಿನ ಹೊತ್ತಿಗೆ ಕಾರಿಡಾರಿನ ತುಂಬ “ಕ ಕ ಕಪ್ಪು” ಎನ್ನುವುದೇ ಆಟವಾಗಿತ್ತು. ಪುಟಾಣಿ ಕ್ಲಾಸಿನವರೂ ಕಲಿತುಬಿಟ್ಟಿದ್ದರು.

“ಗುಬ್ಬೀ, ನಾನು ಬೇಕೂಂತ ಮಾಡಿಲ್ಲ ಕಣೇ.”

“ಗ... ಗೊತ್ತು” ಎಂದಳು ಗುಬ್ಬಿ. ಅಷ್ಟೇ. ಬ್ಯಾಗು ಎತ್ತಿಕೊಂಡು ಬೇರೆ ಬೆಂಚಿಗೆ ಹೋದಳು.

ಶುಕ್ರವಾರ ಆ ಪದ್ಯವನ್ನು ಉದ್ದಣ್ಣ ಓದಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಗುಬ್ಬಿಯೂ ತಟ್ಟಿದಳು.

ಸೋಮವಾರ ಲ್ಯಾಬಿನಲ್ಲಿ ಲೀಡರ್ ಮೆಲ್ಲಗೆ ಗುಬ್ಬಿಯ ಫೋಲ್ಡರ್ ಒತ್ತಿದಳು. ‘ನಿಮಗೆ ಅನುಮತಿ ಇಲ್ಲ’ ಎಂದಿತು ಪರದೆ. ಗುಬ್ಬಿ ಮಿಸ್‌ಗೆ ಹೇಳಿ ಗೆಳತಿಯ ಹೆಸರನ್ನು ತೆಗೆಸಿದ್ದಳು.

ಆಗ ಫೋಲ್ಡರಿನ ಪಕ್ಕದಲ್ಲಿದ್ದ ತಾರೀಖು ಕಂಡಿತು. ಇವತ್ತಿನದೇ! ಗುಬ್ಬಿ ಏನೋ ಹೊಸದನ್ನು ಹಾಕಿದ್ದಾಳೆ. ಇನ್ನೂ ಓದುತ್ತಿದ್ದಾಳೆ.

ಹೇಗೆ ಓದಿರಬಹುದು? ‘ಕ’ ಸಲೀಸಾಗಿ ಬಂತಾ?

ಕೇಳುವುದಕ್ಕೆ ದಾರಿಯಿತ್ತು. ಪರ್ಮಿಷನ್ ಬದಲಾಯಿಸಲು ಲೀಡರಿಗಿದ್ದ ಅಧಿಕಾರವನ್ನು ಮಿಸ್ ಇನ್ನೂ ಹಿಂದಕ್ಕೆ ಪಡೆದಿರಲಿಲ್ಲ. ತನ್ನ ಹೆಸರಿಗೆ ತಾನೇ ಒಂದು ಟಿಕ್ ಹಾಕಿಕೊಂಡರಾಯಿತು. ಯಾರಿಗೂ ತಿಳಿಯುತ್ತಿರಲಿಲ್ಲ.

ಮೌಸಿನ ಬಾಣದ ಗುರುತು ಟಿಕ್ ಹಾಕುವ ಚೌಕದ ಮೇಲೆ ಹೋಗಿ ನಿಂತಿತು.

ಎದುರಿನ ಸಾಲಿನಲ್ಲಿ ಗುಬ್ಬಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ಅವಳ ತುಟಿಗಳು ಅಲುಗುತ್ತಿದ್ದವು. ಯಾವ ಅಕ್ಷರ ಎಂದು ಇಲ್ಲಿಂದಲೇ ಓದಿಬಿಡಬಹುದಿತ್ತು.

ಲೀಡರ್ ಮೌಸಿನಿಂದ ಕೈ ತೆಗೆದಳು. ಸದ್ದಾಗದಂತೆ ತನ್ನ ಕುರ್ಚಿಯನ್ನು ಇನ್ನೊಂದು ಕಡೆಗೆ ತಿರುಗಿಸಿಕೊಂಡಳು.