ಮೈನಸ್ ಎನ್ ತೆಗೆದ ದಿನ

“ನನ್ನ ಹೆಸರನ್ನ ತಡೆಹಿಡಿದಿದ್ದು ನೀವೇನಾ?”

ಅವಳು ಎರಡು ಮಹಡಿ ಮೆಟ್ಟಿಲು ಓಡಿ ಹತ್ತಿ ಬಂದಿದ್ದಳು. ಬಾಗಿಲಿಗೆ ಒಂದು ಕೈ ಕೊಟ್ಟು ನಿಂತು ಏದುಸಿರು ಬಿಡುತ್ತಿದ್ದಳು. ಇನ್ನೊಂದು ಕೈಯಲ್ಲಿದ್ದ ಹೆಡ್‌ಸೆಟ್ಟಿನ ವೈರು ಮೊಣಕಾಲಿನ ತನಕ ಜೋತಾಡುತ್ತಿತ್ತು. ಕಿತ್ತುಕೊಂಡೇ ಬಂದಿದ್ದಳು.

ಅವನು ಕುರ್ಚಿಯಿಂದ ಅರ್ಧ ಎದ್ದ. ಎರಡು ವರ್ಷದಲ್ಲಿ ಅವಳು ಅವನ ಕೋಣೆಗೆ ಬಂದದ್ದು ಇದೇ ಮೊದಲು. ಬರುವ ದಿನ ಹೀಗಿರುತ್ತದೆಂದು ಅವನು ಎಣಿಸಿರಲಿಲ್ಲ.

“ಯಾವ ಹೆಸರು? ಏನಾಯ್ತು?”

“ನನ್ನದೇ. ಹೊಸ ಕಟ್ಟಡದಲ್ಲಿ ನನ್ನ ನಂಬರ್ ಏನಿರಬಹುದು ಅಂತ ಈಗ ಹುಡುಕ್ದೆ. ಇನ್ನೂ ಹಳೇ ಕಟ್ಟಡ, ಹಳೇ ನಂಬರ್ ತೋರಿಸ್ತಿದೆ. ನಿನ್ನೇನೇ ಎಲ್ಲಾ ಬದಲಾಗಬೇಕಿತ್ತಲ್ಲ?”

ಕೇಳಿದ ದನಿಯಲ್ಲಿ ಸಿಟ್ಟಿತ್ತು. ಕಣ್ಣಲ್ಲಿ ಮಾತ್ರ ಬೇರೇನೋ ಇತ್ತು. ಅದನ್ನು ಓದುವಷ್ಟು ಸಮಾಧಾನ ಅವನಿಗಿರಲಿಲ್ಲ.

ಅವಳು ಆಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜಿನವಳು. ಕೆಳಗೆ ಮುಖ್ಯ ಬಾಗಿಲ ಪಕ್ಕದ ಗಾಜಿನ ಕೋಣೆಯಲ್ಲಿ ಕೂತು, ಯಾವ ಡಾಕ್ಟರು ಎಲ್ಲಿದ್ದಾರೆ, ಯಾವ ವಾರ್ಡಿನ ನಂಬರ್ ಏನು ಎಂದು ಹುಡುಕಿ ಕೊಡುವವಳು. ಅವಳು ಹುಡುಕುವುದೆಲ್ಲ ಡೈರೆಕ್ಟರಿ ಸರ್ವರ್‌ನಲ್ಲಿ. ಅದನ್ನು ನೋಡಿಕೊಳ್ಳುವವನು ಅವನು. ಆಸ್ಪತ್ರೆಯ ಸಾವಿರದ ಇನ್ನೂರು ಜನರ ಹೆಸರು, ವಿಭಾಗ, ಕಟ್ಟಡ, ಫೋನ್ ನಂಬರು ಎಲ್ಲ ಅದರಲ್ಲೇ. ಯಾರ ಕಾರ್ಡಿಗೆ ಯಾವ ಬಾಗಿಲು ತೆರೆಯಬೇಕೆಂಬುದೂ ಅದರಲ್ಲೇ. ಹೊಸಬರು ಬಂದರೆ ಸೇರಿಸಬೇಕು, ಇದ್ದವರು ಜಾಗ ಬದಲಿಸಿದರೆ ತಿದ್ದಬೇಕು. ಬದಲಾವಣೆಗಳನ್ನೆಲ್ಲ ಒಂದು ಫೈಲಿನಲ್ಲಿ ಬರೆದು, ಕಪ್ಪು ಪರದೆಯ ಮೇಲೆ ಒಂದು ಸಾಲಿನ ಕಮಾಂಡ್ ಟೈಪ್ ಮಾಡಿ ಎಂಟರ್ ಒತ್ತಿದರೆ ಮುಗಿಯಿತು. ಇಷ್ಟಕ್ಕೇ ಅವನ ಅಂಗೈ ಬೆವರುತ್ತಿತ್ತು.

ಸುಮ್ಮನೆ ಬೆವರುತ್ತಿರಲಿಲ್ಲ ಬಿಡಿ. ಕೆಲಸಕ್ಕೆ ಸೇರಿದ ಮೊದಲ ತಿಂಗಳು, ಐಸಿಯು ಬಾಗಿಲು ತೆರೆಯಬಲ್ಲವರ ಗುಂಪಿಗೆ ಹೊಸ ನರ್ಸ್ ಒಬ್ಬಳನ್ನು ಸೇರಿಸಬೇಕಿತ್ತು. ಫೈಲಿನಲ್ಲಿ ‘ಆ್ಯಡ್’ ಎಂದು ಬರೆಯಬೇಕಾದ ಕಡೆ ‘ರಿಪ್ಲೇಸ್’ ಎಂದು ಬರೆದಿದ್ದ. ಹಳೆಯ ನಲವತ್ತು ಜನ ಕಣ್ಣು ಮಿಟುಕಿಸುವುದರಲ್ಲಿ ಗುಂಪಿನಿಂದ ಮಾಯವಾದರು, ಹೊಸಬಳೊಬ್ಬಳೇ ಉಳಿದಳು. ಅರ್ಧ ಗಂಟೆ ಅವಳೊಬ್ಬಳೇ ಓಡಾಡಿ ಎಲ್ಲರಿಗೂ ಬಾಗಿಲು ತೆರೆದುಕೊಟ್ಟಳು. ಯಾರಿಗೂ ಏನೂ ಆಗಲಿಲ್ಲ. ಆದದ್ದೆಲ್ಲ ಇವನಿಗೆ.

ಅಂದಿನಿಂದ ಎಲ್ಲದಕ್ಕೂ ಮೊದಲು ಟ್ರಯಲ್. ಕಮಾಂಡಿಗೆ ‘ಮೈನಸ್ ಎನ್’ ಎಂದು ಸೇರಿಸಿದರೆ, ಏನು ಮಾಡುತ್ತಿತ್ತೆಂದು ಅದು ಸಾಲುಸಾಲಾಗಿ ತೋರಿಸುತ್ತದೆ, ಆದರೆ ಏನನ್ನೂ ಮಾಡುವುದಿಲ್ಲ. ಇವನಿಗೆಂದೇ ಹೇಳಿ ಮಾಡಿಸಿದ ಹಾಗಿತ್ತು. ವಿಷಯ ತಿಳಿದ ದಿನವೇ ಎಕ್ಸ್‌ಚೇಂಜಿನವಳು “ಟ್ರಯಲ್ ಸಾರ್” ಎಂದು ಅಡ್ಡಹೆಸರಿಟ್ಟಳು.

ದಿನಕ್ಕೆ ನಾಲ್ಕು ಸಲವಾದರೂ ಅವಳ ಫೋನು ಬರುತ್ತಿತ್ತು. “ಟ್ರಯಲ್ ಸಾರ್, ಹೊಸ ಡಾಕ್ಟರ ಪಟ್ಟಿಯಲ್ಲಿ ಹತ್ತೇ ಜನ ಕಾಣ್ತಿದಾರೆ. ಉಳಿದವರನ್ನ ನೀವೇನು ನುಂಗಿಬಿಟ್ರಾ?”

“ಹನ್ನೊಂದನೇ ಹೆಸರಲ್ಲಿ ಏನೋ ತಪ್ಪಿತ್ತು. ಮೊದಲನೇ ತಪ್ಪಿಗೇ ಕಮಾಂಡ್ ಅಲ್ಲೇ ನಿಂತ್ಬಿಡುತ್ತೆ.”

“ಥೇಟ್ ನಿಮ್ಮ ಹಾಗೇ.”

“ಮೈನಸ್ ಸಿ ಅಂತ ಹಾಕಿದ್ರೆ ನಿಲ್ಲಲ್ಲ. ತಪ್ಪನ್ನ ತೋರಿಸಿ, ಹಾಗೇ ಕೊನೇ ತನಕ ಹೋಗುತ್ತೆ.”

“ಹಾಗಾದ್ರೆ ನೀವೂ ಒಂದು ಹಾಕಿಸ್ಕೊಳ್ಳಿ” ಎಂದು ಅವಳು ಫೋನಿಟ್ಟಿದ್ದಳು. ಆ ಸಂಜೆಯೆಲ್ಲ ಅವನು ಒಬ್ಬನೇ ನಗುತ್ತಿದ್ದ.

ಬೆಳಿಗ್ಗೆ ಎಂಟು ಐವತ್ತಕ್ಕೆ ಅವನು ಗಾಜಿನ ಕೋಣೆಯ ಮುಂದೆ ಹಾದು ಹೋಗುತ್ತಿದ್ದ. ಅವಳು ಯಾರೊಂದಿಗೋ ಮಾತಾಡುತ್ತಲೇ ಎಡ ಹುಬ್ಬನ್ನು ಒಂದಿಷ್ಟೇ ಎತ್ತಿ ಇಳಿಸುವಳು. ಅವನು ತನ್ನ ಶೂ ನೋಡಿಕೊಳ್ಳುವನು. ನಾಲ್ಕು ಹೆಜ್ಜೆ ಹೋಗಿ ತಿರುಗಿದರೆ ಅವಳ ಕಣ್ಣು ಆಗಲೇ ಸ್ಕ್ರೀನಿನ ಮೇಲೆ. ತುಟಿಯ ಕೊನೆಯಲ್ಲಿ ಮಾತ್ರ ನಗು ಇನ್ನೂ ಆರಿರುತ್ತಿರಲಿಲ್ಲ. ಅಷ್ಟರಲ್ಲೇ ಅವನ ದಿನ ಸಾಗುತ್ತಿತ್ತು.

“ಆ ಎಕ್ಸ್‌ಚೇಂಜ್ ಹುಡುಗಿಗೆ ಹೇಳಿದ್ಯೇನೋ?” ಎಂದು ಮನೆಯಲ್ಲಿ ಅಕ್ಕ ಊಟಕ್ಕೆ ಬಡಿಸುವಾಗೆಲ್ಲ ಕೇಳುತ್ತಿದ್ದಳು. ಇವನು ತಲೆ ತಗ್ಗಿಸುತ್ತಿದ್ದ. “ಮಾಡು, ಮಾಡು, ಟ್ರಯಲ್ ಮಾಡ್ತಾನೇ ಇರು. ಅವಳಿಗೆ ಮೊಮ್ಮಕ್ಕಳಾದ್ಮೇಲೆ ಹೇಳುವೆಯಂತೆ” ಎಂದು ಅಕ್ಕ ಗೊಣಗುತ್ತಿದ್ದಳು. ಭಾವ ಇವನ ಪರ ವಹಿಸಲು ಬಾಯಿ ತೆರೆದು, ಅಕ್ಕನ ಮುಖ ನೋಡಿ ಮುಚ್ಚಿಕೊಳ್ಳುತ್ತಿದ್ದ.

ಹದಿನೈದು ದಿನದ ಹಿಂದೆ ಆ ಫೈಲು ಬಂತು. ಊರಾಚೆ ಕಟ್ಟಿದ ಹೊಸ ಕಟ್ಟಡಕ್ಕೆ ಹೋಗುವ ಅರವತ್ತೊಂದು ಜನರ ಪಟ್ಟಿ. ಮೂವತ್ತೆಂಟನೇ ಹೆಸರು ಅವಳದು. ಪಕ್ಕದಲ್ಲಿ ‘ಸ್ವಂತ ಕೋರಿಕೆ’ ಎಂದಿತ್ತು. ಯಾರೂ ಅವಳನ್ನು ಕಳಿಸುತ್ತಿರಲಿಲ್ಲ, ಅವಳೇ ಕೇಳಿ ಹೋಗುತ್ತಿದ್ದಳು.

ಅವನು ಏನನ್ನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ದಿನಾ ಫೈಲಿಗೆ ಒಂದು ಟ್ರಯಲ್ ಮಾಡಿದ. ದಿನಾ ಮೂವತ್ತೆಂಟನೇ ಸಾಲನ್ನು ಎರಡೆರಡು ಸಲ ಓದಿದ. ನಿನ್ನೆ ನಿಜವಾಗಿ ಮಾಡಬೇಕಾದ ದಿನ. ಎಂಟರ್ ಒತ್ತಿ, ಅರವತ್ತೊಂದು ಸಾಲು ಹರಿದು ಹೋದ ಮೇಲೆ ‘ಕೆಲಸ ಮುಗಿದಿದೆ’ ಎಂದು ಎಲ್ಲರಿಗೂ ಮೇಲ್ ಕಳಿಸಿ ಮನೆಗೆ ಹೋಗಿ ಮಲಗಿದ್ದ.

ಈಗ ಅವಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಾಳೆ.

“ಹೇಳಿ. ನನ್ನದನ್ನ ತಡೆದಿದ್ದು ನೀವೇನಾ?”

“ಇಲ್ಲ! ನಾನು ಯಾಕೆ... ಒಂದ್ನಿಮಿಷ ಇರಿ.” ಅವನು ಪರದೆಯತ್ತ ತಿರುಗಿ ಅವಳ ಹೆಸರು ಹುಡುಕಿದ. ಹಳೆಯ ಕಟ್ಟಡ. ಪಟ್ಟಿಯ ಮೊದಲ ಹೆಸರು ನೋಡಿದ. ಹಳೆಯ ಕಟ್ಟಡ. ಕೊನೆಯ ಹೆಸರು. ಅದೂ ಹಳೆಯ ಕಟ್ಟಡ. ನಿನ್ನೆಯ ಸಾಲುಗಳನ್ನು ಮೇಲಕ್ಕೆ ಸರಿಸಿ ನೋಡಿದ. ಪ್ರತಿ ಸಾಲಿನ ತಲೆಯಲ್ಲೂ ಒಂದು ಉದ್ಗಾರ ಚಿಹ್ನೆ ಇತ್ತು. ಟ್ರಯಲ್‌ಗೂ ನಿಜಕ್ಕೂ ಪರದೆಯ ಮೇಲೆ ಕಾಣುವ ವ್ಯತ್ಯಾಸ ಅದೊಂದೇ.

“ಮೈನಸ್ ಎನ್ ತೆಗೆಯೋದನ್ನೇ ಮರೆತಿದೀನಿ” ಎಂದ. “ನಿನ್ನೆ ಮಾಡಿದ್ದೂ ಟ್ರಯಲ್ಲೇ. ಅರವತ್ತೊಂದು ಜನರದ್ದೂ ಆಗಿಲ್ಲ.”

“ಎಲ್ಲರದ್ದೂ?”

“ಎಲ್ಲರದ್ದೂ.”

“ಓ” ಎಂದಳು ಅವಳು. “ನಾನು ನನ್ನದೊಂದೇ ಅಂದ್ಕೊಂಡಿದ್ದೆ.”

ಕೈಯಲ್ಲಿದ್ದ ಹೆಡ್‌ಸೆಟ್ಟಿನ ವೈರನ್ನು ಸುತ್ತತೊಡಗಿದಳು. ಸುತ್ತುತ್ತಾ ಅವಳ ಮುಖ ಸಣ್ಣದಾಯಿತು. ಆಗ, ಎರಡು ವರ್ಷಕ್ಕೆ ಒಮ್ಮೆಯಾದರೂ, ಈ ಮಹಾನುಭಾವನಿಗೆ ಹೊಳೆಯಿತು. ಅವಳು ಮೆಟ್ಟಿಲು ಹತ್ತಿ ಬಂದದ್ದು ಜಗಳಕ್ಕಲ್ಲ. ಅವನೇ ತಡೆದಿರಲಿ ಎಂದು ಆಸೆಪಟ್ಟು ಬಂದಿದ್ದಳು.

“ಈಗ ಹನ್ನೊಂದೂ ಮುಕ್ಕಾಲು” ಎಂದಳು ಗೋಡೆ ಗಡಿಯಾರ ನೋಡಿ. “ಹನ್ನೆರಡಕ್ಕೆ ನಮ್ಮ ಬಸ್ಸು. ಒಂದು ಗಂಟೆಗೆ ಅಲ್ಲಿ ಪೇಷೆಂಟುಗಳು ಬರ್ತಾರೆ. ಕಾರ್ಡಿಗೆ ಬಾಗಿಲು ತೆಗೀದಿದ್ರೆ ದೊಡ್ಡ ಡಾಕ್ಟರು ನಿಮ್ಮನ್ನ ಸುಮ್ನೆ ಬಿಡಲ್ಲ. ಬೇಗ ಮಾಡಿ.”

ಅವನು ಕಮಾಂಡ್ ಟೈಪ್ ಮಾಡಿದ. ಈ ಸಲ ಮೈನಸ್ ಎನ್ ಇರಲಿಲ್ಲ. ಮೂರು ಸಲ ಓದಿ ನೋಡಿದ. ಬೆರಳು ಎಂಟರ್ ಮೇಲೆ ಹೋಗಿ ನಿಂತಿತು.

“ನನ್ನ ಸಾಲು ತೆಗೆದ್ಬಿಡ್ತೀರಾ?” ಎಂದಳು ಹಿಂದಿನಿಂದ, ಮೆಲ್ಲಗೆ.

ಒಂದು ಸಾಲು ಅಳಿಸುವುದು ಎಷ್ಟು ಹೊತ್ತಿನ ಕೆಲಸ! ಅವನ ಮನಸ್ಸು ಅತ್ತ ಓಡಿತು. ಓಡಿದ್ದಕ್ಕೆ ನಾಚಿಕೆಯಾಯಿತು.

“ಇಲ್ಲ. ಅದು ನೀವೇ ಕೇಳಿಕೊಂಡಿದ್ದು. ಅದನ್ನ ಅಳಿಸೋಕೆ ನಾನ್ಯಾರು?” ಕುರ್ಚಿ ತಿರುಗಿಸಿ ಅವಳತ್ತ ನೋಡಿದ. “ಒತ್ತೋಕೆ ಮುಂಚೆ ಒಂದು ಮಾತು ಹೇಳಬೇಕು. ಬೆಳಿಗ್ಗೆ ನಾನು... ಅಂದ್ರೆ ನಿಮ್ಮ ಗಾಜಿನ... ಛೆ! ತಪ್ಪಾಯ್ತು. ಮೊದಲಿಂದ ಹೇಳ್ತೀನಿ.”

“ಮೊದಲಿಂದ ಬೇಡ.” ಅವಳ ಎಡ ಹುಬ್ಬು ಒಂದಿಷ್ಟೇ ಏರಿತು. “ಮೈನಸ್ ಸಿ ಹಾಕ್ಕೊಳ್ಳಿ. ತಪ್ಪಾದ್ರೂ ನಿಲ್ಲಿಸ್ಬೇಡಿ.”

ಅವನು ಉಸಿರೆಳೆದುಕೊಂಡ.

“ನನ್ನ ಡ್ಯೂಟಿ ಶುರುವಾಗೋದು ಒಂಬತ್ತೂವರೆಗೆ. ಎಂಟು ಐವತ್ತಕ್ಕೆ ಬರೋದು ನಿಮ್ಮನ್ನ ನೋಡೋಕೆ. ನೀವು ಹುಬ್ಬು ಎತ್ತದ ದಿನ ನನ್ನಿಂದ ಒಂದು ಕೆಲಸಾನೂ ಆಗಲ್ಲ. ನಿಮ್ಮ ಫೋನ್ ಬರ್ಲಿ ಅಂತ, ಯಾವ್ದಾದ್ರೂ ಎಂಟ್ರಿ ತಪ್ಪಿರ್ಲಿ ಅಂತ ಆಸೆಪಡ್ತೀನಿ. ನಾನೇ ತಪ್ಪು ಮಾಡೋಕೆ ಧೈರ್ಯ ಇಲ್ಲ. ಹೊಸ ಕಟ್ಟಡ ಬಸ್ಸಲ್ಲಿ ನಲವತ್ತೆರಡು ನಿಮಿಷ. ಎರಡನೇ ಸ್ಟಾಪಲ್ಲಿ ಸೀಟು ಸಿಗುತ್ತೆ...”

“ಅದು ನಿಮಗೆ ಹೇಗೆ ಗೊತ್ತು?”

“ಹೋದ ಎರಡು ಭಾನುವಾರ ಹೋಗಿದ್ದೆ. ಗೇಟ್ ತನಕ ಹೋಗಿ ವಾಪಸ್ ಬಂದೆ.”

“ಯಾಕೆ?”

“ನೀವು ಅಲ್ಲಿಗೆ ಹೋದ್ಮೇಲೆ, ನಾನು ಸಂಜೆ ಹೊತ್ತು ದಿನಾ ಬಂದು ಹೋಗಬಹುದಾ ಅಂತ...” ತಲೆ ತಗ್ಗಿಸಿದ. “ಟ್ರಯಲ್.”

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ನಗುತ್ತಿದ್ದಾಳೆಂದುಕೊಂಡ. ಕಣ್ಣು ನೋಡಿದರೆ ತುಂಬಿಕೊಂಡಿದ್ದವು.

“ಬಸ್ಸಿಗೂ ಟ್ರಯಲ್ಲಾ?” ಎಂದಳು. “ಎರಡು ವರ್ಷ ನಿಮ್ಮ ಶೂ ನೋಡಿ ನೋಡಿ ನನಗೆ ಸಾಕಾಗಿ ಹೋಯ್ತು. ಅದಕ್ಕೇ ಅರ್ಜಿ ಹಾಕ್ದೆ. ದೂರ ಹೋದ್ರೆ ಮರೀಬಹುದೇನೋ ಅಂತ.”

“ನನಗೆ ನಿಮ್ಮನ್ನ ಕಂಡ್ರೆ ಪ್ರಾಣ” ಎಂದುಬಿಟ್ಟ. ಈ ಮಾತನ್ನು ಕನ್ನಡಿಯ ಮುಂದೆ ನೂರು ಸಲ ಹೇಳಿ ನೋಡಿದ್ದ.

ಕೆಳಗೆ ಬಸ್ಸು ಹಾರ್ನ್ ಹೊಡೆಯಿತು. ಇನ್ನೊಮ್ಮೆ ಹೊಡೆಯಿತು.

“ಒತ್ತಿ” ಎಂದಳು.

“ನೀವು ಏನೂ ಹೇಳ್ಲಿಲ್ಲ...”

“ಅರವತ್ತು ಜನ ಬಸ್ ಹತ್ತಿ ಕೂತಿದಾರೆ. ಮೊದಲು ಒತ್ತಿ.”

ಒತ್ತಿದ. ಅರವತ್ತೊಂದು ಸಾಲು ಹರಿದವು. ಯಾವ ಸಾಲಿನ ತಲೆಯಲ್ಲೂ ಉದ್ಗಾರ ಚಿಹ್ನೆ ಇರಲಿಲ್ಲ. ಅವಳ ಹೆಸರು ಹುಡುಕಿ ನೋಡಿದ. ಹೊಸ ಕಟ್ಟಡ, ಹೊಸ ನಂಬರ್. ತನ್ನ ಕೈಯಾರೆ ಅವಳನ್ನು ಕಳಿಸಿದ್ದ.

ಅವಳು ಬಾಗಿಲ ಬಳಿ ಹೋಗಿ ತಿರುಗಿದಳು. “ಉತ್ತರ ಬೇಕು ಅಂತ ಆ ನಂಬರಿಗೆ ಫೋನ್ ಮಾಡ್ಬೇಡಿ. ಫೋನಲ್ಲಿ ಮಾತಾಡಿದ್ದು ಸಾಕು. ಬಂದು ಕೇಳಿ.”

ಆ ಮಧ್ಯಾಹ್ನ ಅವನು ಏನು ಮಾಡಿದನೆಂದು ಅವನಿಗೇ ನೆನಪಿಲ್ಲ. ಒಂದು ಗಂಟೆಗೆ ಫೋನ್ ಪಕ್ಕ ಕೂತ. ಬಾಗಿಲು ತೆರೆಯಲಿಲ್ಲವೆಂದು ಯಾರೂ ದೂರಲಿಲ್ಲ. ಎರಡಕ್ಕೆ ಆ ಭಯ ಹೋಗಿ ಇನ್ನೊಂದು ಭಯ ಬಂತು. ಬಂದು ಕೇಳಿ ಅಂದದ್ದು ಮುಖಾಮುಖಿ ಬೇಡವೆನ್ನಲೋ ಏನೋ. ಒಳ್ಳೆಯವಳು, ಫೋನಿನಲ್ಲಿ ಬೇಡ ಎನ್ನಲು ಅವಳಿಗೆ ಮನಸ್ಸು ಬಂದಿರಲಿಕ್ಕಿಲ್ಲ. ಐದು ಗಂಟೆಯ ಹೊತ್ತಿಗೆ ಇದೇ ನಿಜವೆಂದು ಅವನಿಗೆ ಖಾತ್ರಿಯಾಗಿಹೋಗಿತ್ತು. ಆದರೂ ಬಸ್ ಹತ್ತಿದ. ಎರಡನೇ ಸ್ಟಾಪಿನಲ್ಲಿ ಸೀಟು ಸಿಕ್ಕಿತು. ಕೂರಲು ಆಗಲಿಲ್ಲ.

ಗೇಟಿನ ಕಾವಲುಗಾರ ಇವನನ್ನು ಮೇಲಿನಿಂದ ಕೆಳಗೆ ನೋಡಿದ. “ನೀವು ಹೋದ ಭಾನುವಾರನೂ ಬಂದಿದ್ರಿ ಅಲ್ವಾ? ಅದರ ಹಿಂದಿನ ವಾರನೂ. ಇಲ್ಲೇ ನಿಂತು ಹಾಗೇ ವಾಪಸ್ ಹೋದ್ರಿ.”

“ಹೌದು.”

“ಇವತ್ತೂ ಹಾಗೇನಾ?”

“ಇವತ್ತು ಒಳಗೆ ಬರೋಕೆ ಬಂದಿದೀನಿ” ಎಂದ.

ಗಾಜಿನ ಬಾಗಿಲಿನ ತನಕ ನಡೆದ. ಪಕ್ಕದಲ್ಲಿ ಕಾರ್ಡ್ ಹಿಡಿಯುವ ಪೆಟ್ಟಿಗೆ, ಅದರಲ್ಲಿ ಕೆಂಪು ದೀಪ. ಜೇಬಿನಿಂದ ಕಾರ್ಡ್ ತೆಗೆದು ಹಿಡಿದ. ದೀಪ ಕೆಂಪಾಗಿಯೇ ಉಳಿಯಿತು. ಪಟ್ಟಿಯಲ್ಲಿದ್ದದ್ದು ಅರವತ್ತೊಂದು ಜನ. ಅವನು ಅದರಲ್ಲಿರಲಿಲ್ಲ. ಇಷ್ಟು ಟ್ರಯಲ್ ಮಾಡಿದವನಿಗೆ ಇದು ಹೊಳೆದಿರಲಿಲ್ಲ!

ಅವನು ಅಲ್ಲೇ ಪೆಚ್ಚಾಗಿ ನಿಂತ. ಗಾಜಿನಾಚೆ ಉದ್ದನೆಯ ಕಾರಿಡಾರು. ಅದರ ಕೊನೆಯಿಂದ ಅವಳು ನಡೆದು ಬರುತ್ತಿದ್ದಳು. ಈ ಸಲ ಅವನು ಶೂ ನೋಡಿಕೊಳ್ಳಲಿಲ್ಲ. ಅವಳೂ ಬೇರೆಡೆ ನೋಡಲಿಲ್ಲ. ಅಷ್ಟು ಉದ್ದಕ್ಕೂ ಅವಳ ಮುಖದಲ್ಲಿ ಉತ್ತರ ಹುಡುಕಿದ. ಹೌದೋ ಅಲ್ಲವೋ ತಿಳಿಯಲಿಲ್ಲ.

ಅವಳು ಒಳಗಿನಿಂದ ತನ್ನ ಕಾರ್ಡ್ ಹಿಡಿದಳು. ದೀಪ ಹಸಿರಾಯಿತು. ಬಾಗಿಲು ತೆರೆದು, ಮುಚ್ಚದಂತೆ ಭುಜ ಕೊಟ್ಟು ನಿಂತಳು.

“ಐದಕ್ಕೆ ನಿಮ್ಮ ಡ್ಯೂಟಿ ಮುಗಿಯುತ್ತೆ, ಬಸ್ಸು ನಲವತ್ತೆರಡು ನಿಮಿಷ ಅಂದಿದ್ರಿ. ಐವತ್ತಾಯ್ತು.”

“ಸಿಗ್ನಲ್ಲು... ನನ್ನ ಕಾರ್ಡಿಗೆ ಇದು ತೆಗೆಯಲ್ಲ.”

“ಗೊತ್ತು. ಬೆಳಿಗ್ಗೆ ನಿಮ್ಮ ಸ್ಕ್ರೀನಲ್ಲೇ ಪಟ್ಟಿ ನೋಡಿದ್ನಲ್ಲ. ಅದಕ್ಕೇ ಐದೂವರೆಯಿಂದ ಕಾಯ್ತಾ ಇದೀನಿ.” ಅವಳ ದನಿಯೂ ನಡುಗುತ್ತಿದ್ದುದು ಅವನಿಗೆ ಆಗ ಕೇಳಿಸಿತು. ಅವನ ತೋಳು ಹಿಡಿದು ಒಳಗೆಳೆದುಕೊಂಡಳು. “ದಿನಾ ಬರೋದಾದ್ರೆ ದಿನಾ ನಾನೇ ತೆಗೀತೀನಿ. ಬಾ.”